ಕೂತರೆ ಅರ್ಧ ದಿನ ಕಟ್

ನಮ್ಮ ದ್ರಾಕ್ಷಾಯಿಣಿ ಅತ್ತೆ ತನ್ನ ಸೂಪರ್‌ವೈಸರ್ ರುದ್ರಪ್ರಸಾದನನ್ನು ಬೆಳಗಿನಿಂದ ಸಂಜೆಯವರೆಗೆ ಬರಿಗಾಲಲ್ಲಿ ನಿಲ್ಲಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಇವತ್ತಿಗೂ ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ. ಆದರೆ ಅದಕ್ಕೂ ಮೊದಲು ಅತ್ತೆಯ ಪಾದದ ವಿಷಯ ಹೇಳಬೇಕು.

ಅತ್ತೆಯದು ಅಕ್ಕೂರು. ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆಯ ಹಿಂದೆ ರೇಷ್ಮೆ ಹುಳದ ಮನೆ. ಬೇಸಿಗೆ ಬಂತೆಂದರೆ ಹುಳವನ್ನು ಪಂಚಾಕ್ಷರಯ್ಯ ಮಾವನಿಗೆ ಬಿಟ್ಟು ಮೈಸೂರು ರೋಡಿನ ವಾಟರ್ ಪಾರ್ಕಿಗೆ ಸೀಸನ್ ಕೆಲಸಕ್ಕೆ ಹೋಗುತ್ತಾಳೆ. ಊರಿನ ಹೆಂಗಸರನ್ನೆಲ್ಲ ತುಂಬಿಕೊಂಡು ಹೋಗಲು ಹಾಲಿನ ಡೈರಿ ಮುಂದೆ ವ್ಯಾನು ಬರುತ್ತದೆ. ಆ ವರ್ಷ ಕಾಲೇಜಿಗೆ ರಜೆ ಇದ್ದುದರಿಂದ ನಾನೂ ಅತ್ತೆಯ ಮನೆಯಲ್ಲಿದ್ದುಕೊಂಡು, ಅದೇ ವ್ಯಾನಿನಲ್ಲಿ ಹೋಗಿ ಗೇಟಿನಲ್ಲಿ ಜನರ ಕೈಗೆ ಪಟ್ಟಿ ಕಟ್ಟುತ್ತಿದ್ದೆ, ನೆರಳಲ್ಲಿ, ಫ್ಯಾನಿನ ಕೆಳಗೆ.

ಅತ್ತೆಗೆ ಟವರ್ ಡ್ಯೂಟಿ. ಎಲ್ಲಕ್ಕಿಂತ ಎತ್ತರದ ಜಾರುಬಂಡಿಯ ತುದಿಯಲ್ಲಿ ನಿಂತು ಬಂದವರನ್ನು ಟ್ಯೂಬಿನಲ್ಲಿ ಕೂರಿಸಿ, ಕೆಳಗಿನಿಂದ ಸೀಟಿ ಕೇಳಿದ ಮೇಲೆ ತಳ್ಳಬೇಕು. ಮೇಲೆ ಚಾವಣಿ ಇಲ್ಲ, ಕೆಳಗೆ ಕಬ್ಬಿಣದ ಶೀಟು, ಜಾರುತ್ತದೆಂದು ಚಪ್ಪಲಿಯೂ ಹಾಕುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಶೀಟಿನ ಮೇಲೆ ರೊಟ್ಟಿ ಸುಡಬಹುದು. ಜನ ತಣ್ಣಗೆ ನೀರಿಗೆ ಬೀಳುತ್ತಿದ್ದರೆ ಇವಳು ಒಂದು ಕಾಲೆತ್ತಿ ಇನ್ನೊಂದನ್ನು ಊರಿಕೊಂಡು ನಿಲ್ಲುತ್ತಿದ್ದಳು. ಅಂಗಾಲಿನ ಬೊಬ್ಬೆಗೆ ರಾತ್ರಿ ಹರಳೆಣ್ಣೆ ಹಚ್ಚಿ, ಬೆಳಿಗ್ಗೆ ಮತ್ತೆ ಅದೇ ಟವರ್.

ರುದ್ರಪ್ರಸಾದ ಬೇರೆ ಯಾರೋ ಅಲ್ಲ, ಅತ್ತೆಯ ಬೀದಿಯವನೇ. ಊರಲ್ಲಿ 'ಅಕ್ಕ' ಅನ್ನುವವನು ಪಾರ್ಕಿನಲ್ಲಿ ಶೂ ಹಾಕಿ ವಾಕಿಟಾಕಿ ಹಿಡಿದರೆ ಅವಳನ್ನು 'ಟವರ್' ಎಂದೇ ಕರೆಯುತ್ತಿದ್ದ. ಡ್ಯೂಟಿಯಲ್ಲಿ ಕೂತರೆ ಅರ್ಧ ದಿನದ ಕೂಲಿ ಕಟ್, ಹೇಳದೆ ರಜೆ ಹಾಕಿದರೆ ಎರಡು ದಿನದ್ದು ಕಟ್ ಎಂದು ಆ ವರ್ಷ ಬೋರ್ಡು ಬರೆಸಿದವನೂ ಅವನೇ.

ಒಂದು ದಿನ ಪಂಪು ಕೆಟ್ಟು ನೀರು ನಿಂತಿತು. ಅತ್ತೆ ಹರಿದ ಟ್ಯೂಬೊಂದನ್ನು ಮಗುಚಿ ಅದರ ಮೇಲೆ ಕೂತಳು. ತಕ್ಷಣ ವಾಕಿಟಾಕಿಯಲ್ಲಿ ಅವನ ಧ್ವನಿ: "ಟವರ್, ಯಾರು ಕೂತಿರೋದು?" ಕ್ಯಾಮೆರಾದಲ್ಲಿ ನೋಡಿದ್ದ. ಅಷ್ಟು ಸಾಲದೆಂದು ಮೆಟ್ಟಿಲು ಹತ್ತಿ ಬಂದ.

"ನೀರೇ ಬತ್ತಿಲ್ವಲ್ಲಪ್ಪ, ಯಾರ್ನ ತಳ್ಳಾನ?" ಅಂದಳು ಅತ್ತೆ.

"ರೂಲ್ಸ್ ಅಂದ್ರೆ ರೂಲ್ಸ್. ಅರ್ಧ ದಿನ ಕಟ್. ಕೂರೋ ಆಸೆ ಇದ್ರೆ ನಾಳೆಯಿಂದ ಟಿಕೆಟ್ ತಗಂಡು ಬನ್ನಿ."

ಸಾಲಿನಲ್ಲಿ ನಿಂತಿದ್ದವರು ನಕ್ಕರು. ಅತ್ತೆ ಎದ್ದು ನಿಂತಳು.

ಸಂಜೆ ವ್ಯಾನಿನಲ್ಲಿ ಡ್ರೈವರ್ ಇದ್ರೀಸಣ್ಣ ಸಮಾಧಾನ ಮಾಡಿದ: "ಹೋಗ್ಲಿ ಬುಡಮ್ಮ, ನಮ್ಮೂರ ಹುಡ್ಗ."

"ಅದ್ಕೇ ಬುಡಾಕಿಲ್ಲ," ಎಂದು ಅತ್ತೆ ಪಕ್ಕದವಳ ಕಡೆ ತಿರುಗಿದಳು. "ಅವ್ರ ಮನೇಲಿ ಹುಳ ಎಷ್ಟ್ನೇ ಜ್ವರ?"

ಹುಳ ಪೊರೆ ಬಿಡಲು ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದವು ಒಂದು ವಾರ ಸೊಪ್ಪು ಮುಕ್ಕಿ, ಆಮೇಲೆ ಮೇವು ಬಿಟ್ಟು, ಮೈ ಹಳದಿಯಾಗಿ ತಲೆ ಎತ್ತುತ್ತವೆ. ಅದೇ ಹಣ್ಣಾಗುವುದು. ಯಾವತ್ತು ಅಂತ ಮುಂಚೆ ಹೇಳಲಾಗದು, ಆದರೆ ಆದ ದಿನವೇ ಒಂದೊಂದನ್ನೂ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡದಿದ್ದರೆ ಸೊಪ್ಪಿನ ಮೇಲೆಯೇ ನೂಲು ಉಗುಳಿ ಬೆಳೆ ಹಾಳು. ಮನೆಯವರಿಂದಷ್ಟೇ ಆಗುವ ಕೆಲಸವಲ್ಲ. ನಿಮ್ಮ ಮನೆಗೆ ನಾನು, ನಮ್ಮ ಮನೆಗೆ ನೀವು ಎಂದು ಊರಿನ ಹೆಂಗಸರು ಮುಯ್ಯಾಳು ಹೋಗುತ್ತಾರೆ. ಇಂಥ ಊರಿನಲ್ಲಿ ಹುಟ್ಟಿದವನು ಹೇಳದೆ ರಜೆ ಹಾಕಬಾರದೆಂದು ಬೋರ್ಡು ಬರೆಸಿದ್ದ, ಅದೇ ಹೆಂಗಸರಿಗೆ.

"ನಾಕ್ನೇದು ಎದ್ದವೆ," ಅಂದಳು ಪಕ್ಕದವಳು.

ಅತ್ತೆ ಕಾದಳು, ದಿನಾ ಟವರ್ ಹತ್ತಿ, ಬೊಬ್ಬೆಯ ಮೇಲೆ ನಿಂತು ಕಾದಳು.

ಮುಂದಿನ ಶನಿವಾರ ಬೆಳಿಗ್ಗೆ ಎಲ್ಲರೂ ವ್ಯಾನು ಹತ್ತಿ ಕೂತಿದ್ದೆವು. ರುದ್ರಪ್ರಸಾದ ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದ.

"ಅಕ್ಕ, ಹುಳ ಹಣ್ಣಾಗ್ಬುಟ್ಟವೆ. ಅವ್ವ ಒಬ್ಳೇ ಅವ್ಳೆ. ಎಲ್ರೂ ಒಸಿ ಬನ್ನಿ."

"ಬತ್ತಿದ್ವಿ ಕಣಪ್ಪ," ಅಂದಳು ಅತ್ತೆ ಕಿಟಕಿಯಿಂದ. "ಡ್ಯೂಟಿ ಐತಲ್ಲ. ಹೇಳ್ದೆ ರಜ ಹಾಕುದ್ರೆ ಎರಡು ದಿನ ಕಟ್ಟು."

"ಹಾಜ್ರಿ ನಾನೇ ಹಾಕ್ಸ್ತೀನಿ."

"ಸುಳ್ಳು ಹಾಜ್ರಿನಾ? ರೂಲ್ಸ್ ಅಂದ್ರೆ ರೂಲ್ಸ್ ಅಲ್ವಾ?"

ವ್ಯಾನಿಗೆ ವ್ಯಾನೇ ನಕ್ಕಿತು. ಇದ್ರೀಸಣ್ಣ ಬೇಕೆಂದೇ ಒಮ್ಮೆ ಗಾಡಿ ಸ್ಟಾರ್ಟ್ ಮಾಡಿದ.

ಅತ್ತೆ ಕೆಳಗಿಳಿದಳು. "ಹೋದ್ ಬೆಳೆಗೆ ನಿಮ್ಮವ್ವ ನಮ್ಮನೇಗೆ ಬಂದಿದ್ರು. ಆ ಮುಯ್ಯಾಳು ನಾನು ತೀರುಸ್ತೀನಿ, ನಾನೊಬ್ಳೇ. ಇವ್ರೂ ಬೇಕು ಅಂದ್ರೆ ಪಾರ್ಕಿಗೆ ಫೋನ್ ಮಾಡು, ಸ್ಪೀಕರ್ ಹಾಕು. ಟವರ್‌ಗೆ ಸ್ಟೂಲು, ನೆರಳು ಹಾಕುಸ್ದೆ ಹೋದ್ರೆ ಹೆಂಗಸ್ರು ಹತ್ತಲ್ಲ, ಇವತ್ತು ಎಲ್ರಿಗೂ ರಜ ಕೊಟ್ಟಿರೋನು ನಾನೇ ಅನ್ನು."

"ಶನಿವಾರ ಕಣಕ್ಕ. ನನ್ ಕೆಲ್ಸ ಹೋಯ್ತದೆ."

"ಹುಳ ತಲೆ ಎತ್ತವೆ, ನೋಡ್ಕೊ."

ಅವನು ಫೋನ್ ಮಾಡಿದ. ಮ್ಯಾನೇಜರ್ ಮನೋಹರ್ ಬೈದದ್ದು ಡೈರಿಗೆ ಹಾಲು ಹಾಕಲು ಬಂದವರಿಗೂ ಕೇಳಿಸಿತು. ಕೊನೆಗೆ, "ಹಾಳಾದ್ ಸ್ಟೂಲ್ ಹಾಕ್ಸಿ ಸಾಯ್ರಿ. ಇವತ್ತಿನ ಲಾಸ್ ನಿಮ್ ಸಂಬಳದಲ್ಲಿ ಹಿಡೀತೀನಿ," ಎಂದು ಕಟ್ ಮಾಡಿದರು.

"ಇನ್ನೊಂದೈತೆ," ಅಂದಳು ಅತ್ತೆ. "ನೀನೂ ನಮ್ ಜೊತೆ ಆರಿಸ್ಬೇಕು. ಸಂಜೆಗಂಟ, ನಿಂತ್ಕಂಡು."

ಹುಳದ ಮನೆಗೆ ಚಪ್ಪಲಿ ಹಾಕಿಕೊಂಡು ಯಾರೂ ಹೋಗುವಂತಿಲ್ಲ, ಬಾಗಿಲಲ್ಲಿ ಚೆಲ್ಲಿದ ಸುಣ್ಣ ತುಳಿದೇ ಒಳಗೆ ಬರಬೇಕು. ಮೇಲೆ ಕಾದ ಶೀಟು, ಒಳಗೆ ಗಾಳಿಯಿಲ್ಲ, ಸೊಪ್ಪಿನ ಕಡ್ಡಿ ಕಾಲಿಗೆ ಚುಚ್ಚುತ್ತದೆ. ಹೆಂಗಸರು ಬೇಕಾದಾಗ ಕೂತು ಆರಿಸಿದರು, ಹಾಡಿಕೊಂಡರು, ಎಲೆ ಅಡಿಕೆ ಹಾಕಲು ಹೊರಗೆ ಹೋಗಿ ಬಂದರು. ಅವನು ಮಾತ್ರ ನಿಂತಿದ್ದ. ಮಧ್ಯಾಹ್ನದ ಹೊತ್ತಿಗೆ ಒಂದು ಕಾಲೆತ್ತಿ ಇನ್ನೊಂದನ್ನು ಊರತೊಡಗಿದ, ಥೇಟ್ ಅತ್ತೆಯ ಹಾಗೆ. ಆಮೇಲೆ ಯಾರೂ ನೋಡುತ್ತಿಲ್ಲವೆಂದು ಕಡ್ಡಿಯ ರಾಶಿಯ ಮೇಲೆ ಮೆಲ್ಲಗೆ ಕುಕ್ಕರಿಸಿದ.

ಅತ್ತೆ ತಿರುಗಿಯೂ ನೋಡಲಿಲ್ಲ. "ಟವರ್, ಯಾರು ಕೂತಿರೋದು?"

ಎದ್ದ.

ಅವನ ಅವ್ವ ಕಾವೇರಮ್ಮನಿಗೆ ಸಂಕಟವಾಯಿತು. "ಯಾಕವ್ವ ಮಗೀನ್ನ ಹಿಂಗೆ ಗೋಳಾಡುಸ್ತೀಯ?"

ಅತ್ತೆ ಸೀರೆ ಎತ್ತಿ ಅಂಗಾಲು ತೋರಿಸಿದಳು. ಕಾವೇರಮ್ಮ ಬಗ್ಗಿ ನೋಡಿದರು, ಏನಾಯಿತೆಂದು ಬೇರೆ ಹೆಂಗಸರು ಹೇಳಿದ್ದನ್ನು ಕೇಳಿಸಿಕೊಂಡರು, ಮತ್ತೆ ಹುಳಕ್ಕೆ ಕೈ ಹಾಕಿದರು.

"ನಿಂತ್ಕೊ ಲೇ," ಅಂದರು.

ಸಂಜೆ ಕೊನೆಯ ಚಂದ್ರಿಕೆ ತುಂಬಿತು. ಎಲ್ಲರಿಗೂ ಕಾಫಿ ಬಂದಾಗ ಅವನು ಜಗಲಿಯ ಕಡೆ ಕುಂಟುತ್ತಾ ಹೋದ.

"ಕೂರೋ ಆಸೆ ಇದ್ರೆ ಟಿಕೆಟ್ ತಗಬೇಕು ಕಣಪ್ಪ," ಎಂದು ಅತ್ತೆ ಕಾಫಿ ಊದಿಕೊಂಡು ಕುಡಿದಳು.

ಸೋಮವಾರ ಟವರ್ ಮೇಲೆ ಒಂದು ಟಾರ್ಪಾಲು, ಅದರ ಕೆಳಗೆ ಕೆಂಪು ಪ್ಲಾಸ್ಟಿಕ್ ಸ್ಟೂಲು. ಅತ್ತೆ ಥ್ಯಾಂಕ್ಸ್ ಹೇಳಲಿಲ್ಲ. ಸ್ಟೂಲನ್ನು ಎಳೆದು ಕ್ಯಾಮೆರಾದ ಎದುರಿಗೇ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ, ಅಂಗಾಲು ಕ್ಯಾಮೆರಾಕ್ಕೆ ಕಾಣುವ ಹಾಗೆ ಕೂತಳು.

ಹಿಡಿದ ಅರ್ಧ ದಿನದ ಕೂಲಿ ಮಾತ್ರ ಸೀಸನ್ ಮುಗಿದರೂ ಬರಲಿಲ್ಲ. ಕೇಳು ಅತ್ತೆ ಅಂದೆ.

"ಕೇಳದ್ಯಾಕೆ?" ಅಂದಳು ಅಂಗಾಲಿಗೆ ಹರಳೆಣ್ಣೆ ತಿಕ್ಕುತ್ತಾ. "ಮೊನ್ನೆ ಮರಿ ಹುಳ ತಂದವ್ರೆ ಅವ್ರ ಮನೇಗೆ. ಹಣ್ಣಾಗ್ಲಿ."