ಹುಲ್ಲಿನ ಹೊರೆ ಎಷ್ಟು ಸಲ ವಾಲಿತು

ಗೊರೇಬಾಳದಿಂದ ಸಿಂಧನೂರಿಗೆ ಬರುವ ಕಾಲುವೆ ದಂಡೆಯ ದಾರಿಯಲ್ಲಿ ಆ ದಿನ ನಾನು ಕೂಗುವ ಮೊದಲು ಎಣಿಸಿದೆ. ಅದು ನನ್ನನ್ನು ಇನ್ನೂ ಬಿಟ್ಟಿಲ್ಲ.

ಮುಂದೆ ನಮ್ಮದೇ ಟ್ರ್ಯಾಕ್ಟರ್. ಟ್ರಾಲಿ ತುಂಬ ಭತ್ತದ ಹುಲ್ಲು, ಹುಲ್ಲಿನ ಮೇಲೆ ನನ್ನ ಕಾಕಾ. ಹಿಂದೆ ಸ್ಕೂಟಿಯಲ್ಲಿ ನಾನು. ಬಲಕ್ಕೆ ತುಂಬಿದ ಕಾಲುವೆ, ಎಡಕ್ಕೆ ಗದ್ದೆ. ಗುಂಡಿ ಬಂದಾಗಲೆಲ್ಲ ಹೊರೆ ವಾಲುತ್ತಿತ್ತು. ನಮ್ಮಲ್ಲಿ ಹುಲ್ಲಿನ ಮೇಲೆ ಒಬ್ಬರು ಕೂತೇ ಬರಬೇಕು. ಹೊರೆ ಎಡಕ್ಕೆ ವಾಲಿದರೆ ಅವರು ಬಲಕ್ಕೆ ಸರಿಯಬೇಕು. ‘ತೂಕಕ್ಕ ತೂಕ’ ಎನ್ನುತ್ತಾರೆ.

ಕಾಲೇಜಿನಲ್ಲಿ ಗಣಿತ ಕಲಿಸುವ ನಾನು ಆಗ ಓದುತ್ತಿದ್ದದ್ದು ಹೆಜ್ಜೆ ಹೆಜ್ಜೆಯಾಗಿ ಸಾಗುವ ಸಮೀಕರಣಗಳನ್ನು. ಅಲ್ಲಿಯ ಮುಖ್ಯ ಪ್ರಶ್ನೆ ಒಂದೇ: ಉತ್ತರವು ಧನ, ಋಣ, ಧನ ಎಂದು ಕೊನೆಯಿಲ್ಲದೆ ಚಿಹ್ನೆ ಬದಲಿಸುತ್ತಲೇ ಇರುತ್ತದೋ, ಕೊನೆಗೆ ಒಂದೇ ಚಿಹ್ನೆಯಲ್ಲಿ ನಿಲ್ಲುತ್ತದೋ? ಸೊನ್ನೆ ಯಾವ ಹೆಜ್ಜೆಯಲ್ಲೂ ಕಣ್ಣಿಗೆ ಬೀಳದಿರಬಹುದು. ಈ ಹೆಜ್ಜೆಯಲ್ಲಿ ಧನ, ಮುಂದಿನದರಲ್ಲಿ ಋಣ ಇದ್ದರೆ, ನಡುವೆ ಎಲ್ಲೋ ಸೊನ್ನೆ ದಾಟಿದೆ ಎಂದು ಹಿಡಿಯುತ್ತೇವೆ. ಇಲ್ಲಿ ಗುಂಡಿಯೇ ಹೆಜ್ಜೆ. ಎಡ, ಬಲ, ಎಡ. ನನಗೆ ಖುಷಿಯೇ ಆಯಿತು.

ನಾಲ್ಕನೆಯ ಗುಂಡಿಯಲ್ಲಿ ಕಂಡಿತು: ಕಾಕಾ ಒಂದು ಬದಿಗೆ ಸರಿದು ಮುಟ್ಟುವಷ್ಟರಲ್ಲಿ ಹೊರೆ ತಾನಾಗಿಯೇ ಆ ಬದಿಗೆ ಬರುತ್ತಿತ್ತು. ಅವರ ತೂಕ ವಾಲುವುದನ್ನು ತಡೆಯುತ್ತಿರಲಿಲ್ಲ, ಹೆಚ್ಚಿಸುತ್ತಿತ್ತು. ಐದನೆಯದೂ ಹಾಗೇ ಆಗುತ್ತದೋ ನೋಡೋಣ ಎಂದುಕೊಂಡೆ. ಆಯಿತು. ಆಮೇಲೆ ಕೂಗಿದೆ.

“ಕಾಕಾ, ಸರದಾಡಬ್ಯಾಡ! ನಡುವ ಮಲಕ್ಕೊ!”

“ಸುಮ್ಮ ಬಾರವಾ! ದಾರ್ಯಾಗ ಸಾಲಿ ತೆಗೀಬ್ಯಾಡ!”

ಆರನೆಯ ಸಲ ಹೊರೆ ಕಾಲುವೆಯ ಕಡೆ ವಾಲಿತು. ಟ್ರಾಲಿಯ ಎಡಗಾಲಿ ನೆಲ ಬಿಟ್ಟಿತು. ಎಡಕ್ಕೆ ಓಡಹೋದ ಕಾಕಾ ಕಾಲು ಜಾರಿ ನಡುವೆಯೇ ಬೋರಲು ಬಿದ್ದು, ಹುಲ್ಲಿಗೆ ಬಿಗಿದ ಹಗ್ಗ ಹಿಡಿದು ಅಲ್ಲೇ ಉಳಿದರು. ಒಂದಿಷ್ಟು ಹುಲ್ಲು ನೀರಿಗೆ ಬಿತ್ತು. ಗಾಲಿ ಮರಳಿ ನೆಲಕ್ಕೆ ಬಡಿಯಿತು. ಸರಿದಾಡುವವರಿಲ್ಲದೆ ವಾಲಾಟ ಸಣ್ಣದಾಗುತ್ತ ಹೋಯಿತು. ಡ್ರೈವರ್ ಗಾಡಿ ನಿಲ್ಲಿಸಿದ.

ಕಾಕಾ ಕೆಳಗಿಳಿದು ಮೈಗೆ ಹತ್ತಿದ ಹುಲ್ಲು ಕೊಡವಿಕೊಂಡರು. ನಾನು ಸ್ಕೂಟಿ ನಿಲ್ಲಿಸಿ ಹತ್ತಿರ ಹೋದೆ.

“ಎಣಸಾಕತ್ತಿದ್ದೆ ಕಾಕಾ. ಐದು ಆದಮ್ಯಾಲ ಕೂಗಿದೆ,” ಎಂದುಬಿಟ್ಟೆ.

“ಐದು ಎಣಸೂ ತನಕ ನಿನ್ನ ಬಾಯಿಗೇನಾಗಿತ್ತವಾ?”

ಡ್ರೈವರ್ ನಕ್ಕ. ಕಾಕಾ ನಗಲಿಲ್ಲ.

ಚಿಹ್ನೆ ಎಣಿಸುವಾಗ, ವಾಲಿದ್ದು ಎಷ್ಟು ದೊಡ್ಡದು ಎಂದು ನಮ್ಮ ಸಿದ್ಧಾಂತ ಕೇಳುವುದಿಲ್ಲ. ಆ ದಿನ ನಾನೂ ಕೇಳಲಿಲ್ಲ. ಈಗಲೂ ಕರಿಹಲಗೆಯ ಮೇಲೆ ಧನ, ಋಣ ಬರೆಯುತ್ತ ಹೋದಾಗ ನಾಲ್ಕಕ್ಕೆ ಕೈ ನಿಲ್ಲುತ್ತದೆ. ನಾಲ್ಕಕ್ಕೇ ಕಂಡಿತ್ತಲ್ಲ. ಐದನೆಯದನ್ನು ನೋಡಬೇಕೆಂದೇ ಸುಮ್ಮನಿದ್ದೆ.