ಮುರಿದಿಟ್ಟ ಗಿಲಕಿ ಗಿಡಗಳು

...ಅಥವಾ ಆಕೆ ಗಿಡ ಮುರಿಯುತ್ತಿದ್ದುದು ಬೆಳಿಗ್ಗೆಯಲ್ಲವೇನೋ. ಎಳೆಬಿಸಿಲನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಕೈ ಮಾತ್ರ ಖಚಿತ: ಕಾಂಡವನ್ನು ಅರ್ಧ ತಿರುಚಿ, ಬೇರು ಕೀಳದೆ, ಅಲ್ಲೇ ಒಣಗಲು ಬಿಡುವ ಒರಟು ಕೈ.

ಸೋಲದೇವನಹಳ್ಳಿಯಲ್ಲಿ ನನಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಮುನಿಯಮ್ಮನವರ ಕೈ ಅದು. ಪಕ್ಕದ ಖಾಲಿ ಸೈಟಿನ ತುಂಬ ಅವರು ಗಿಲಕಿ ಗಿಡ ಬೆಳೆಸಿದ್ದರು. ಒಣಕಾಯಿ ಅಲುಗಿಸಿದರೆ ಗಿಲಗಿಲ ಎನ್ನುತ್ತದಲ್ಲ, ಅದು. ಮುಂಗಾರಿಗೆ ಮುನ್ನ ಘಟ್ಟದ ಕಡೆಯಿಂದ ಪೂರ್ವಕ್ಕೆ ಹೊರಟ ನೀಲಿ ಚುಕ್ಕೆಯ ಚಿಟ್ಟೆಗಳು ಅಲ್ಲಿ ಇಳಿಯುತ್ತಿದ್ದವು. "ಉಳಕ್ಕೂ ದಾರಿ ಬುತ್ತಿ ಬೇಕಲ್ವಾ ಮೇಷ್ಟ್ರೇ" ಎನ್ನುತ್ತಿದ್ದರು. ಗಿಡ ಮುರಿಯುವುದೇಕೆಂದು ನಾನು ಕೇಳಿರಲಿಲ್ಲ. ಮುದುಕಿಯ ಚಟ ಅಂದುಕೊಂಡಿದ್ದೆ.

ಆ ವರ್ಷ ಅವರ ತಮ್ಮ ನಾರಾಯಣಪ್ಪ ಅಲ್ಲಿ ಪಿ.ಜಿ. ಕಟ್ಟಲು ಹೊರಟ.

"ಅಕ್ಕ, ನಿನ್ ಚಿಟ್ಟೆಗೂ ಒಂದ್ ರೂಮ್ ಕೊಡ್ತೀನಿ ಬಿಡು."

"ನಿನ್ ರೂಮ್ನಾಗೆ ತಿಗಣೆ ಸಾಕ್ಕೋ ಓಗು. ಉಳ ಬಂದು ಓಗೋಗಂಟ ಜೆಸಿಬಿ ತರಬ್ಯಾಡ."

ಅಕ್ಕಪಕ್ಕದವರು ಹಾವಿನ ಭಯವೆಂದು ದೂರುತ್ತಿದ್ದರು. ಸೋಮವಾರ ಸೈಟು ಚೊಕ್ಕಟವಾಗಿದ್ದರೆ ಹದಿನೈದು ದಿನ ಬಿಡುತ್ತೇನೆ, ಇಲ್ಲವಾದರೆ ಅವತ್ತೇ ಜೆಸಿಬಿ ಎಂದ ನಾರಾಯಣಪ್ಪ.

ಅಷ್ಟರಲ್ಲಿ ಮುನಿಯಮ್ಮ ತಂಗಿಯ ಊರಿಗೆ, ಸಾವಿನ ಮನೆಗೆ ಹೋಗಬೇಕಾಯಿತು. "ಗಿಡ ನೋಡ್ಕಳಿ" ಎಂದರು. ಅಷ್ಟೇ ಎಂದರೆಂದು ನನ್ನ ನೆನಪು. ಅದು ನನಗೆ ಅನುಕೂಲವಾದ ನೆನಪೂ ಇರಬಹುದು.

ಭಾನುವಾರವಿಡೀ ಮುರಿದು ಒಣಗಿದ್ದನ್ನೆಲ್ಲ ಕಿತ್ತೆ. ಹಸಿರಿಗೆ ನೀರು ಹೊಯ್ದೆ. ಸೋಮವಾರ ಬೆಳಿಗ್ಗೆ ಕಿತ್ತದ್ದು ಕಸದ ಆಟೋ ಹತ್ತಿತು. ನಾರಾಯಣಪ್ಪ ಕಾಂಪೌಂಡಿಗೆ ಒರಗಿ ನೋಡಿ, "ಸಖತ್ ನೀಟ್ ಮಾಡಿದೀರಾ ಸಾರ್" ಎಂದು ಜೆಸಿಬಿ ವಾಪಸು ಕಳಿಸಿದ. ಗೆದ್ದೆ ಅನ್ನಿಸಿತು.

ಮರುದಿನ ಚಿಟ್ಟೆಗಳು ಬಂದವು. ಹಸಿರು ಗಿಡಗಳ ಮೇಲೆ ಸುತ್ತಿದವು, ತಗ್ಗಿದವು, ಕೂರಲಿಲ್ಲ. ಆಗಷ್ಟೇ ಊರಿಂದ ಬಂದ ಮುನಿಯಮ್ಮ ಚೀಲ ಹಿಡಿದು ಗೇಟಿನಲ್ಲೇ ನಿಂತರು.

"ಮುರಿದಿಟ್ಟಿದ್ದೆಲ್ಲ ಎಲ್ ಮೇಷ್ಟ್ರೇ?"

"ಚೊಕ್ಕಟ ಮಾಡಿದೆ..."

"ಅಯ್ಯೋ, ಅವು ಚೀಪೋದೇ ಆ ಬಾಡಿರೋ ಕಡ್ಡೀನ ಕಣ್ರೀ!"

ಆ ಕಹಿರಸವಿಲ್ಲದೆ ಗಂಡುಚಿಟ್ಟೆಗೆ ಹೆಣ್ಣನ್ನು ಒಲಿಸುವ ಗಂಧ ಹುಟ್ಟುವುದಿಲ್ಲವೆಂದು ನಾನು ಓದಿದ್ದು ಆಮೇಲೆ. ಅವರು ಚೀಲ ಎಸೆದು ಹಸಿರು ಕಾಂಡಗಳನ್ನು ತಿರುಚತೊಡಗಿದರು. ನಾನೂ ತಿರುಚಿದೆ. ಬಾಡಲು ದಿನಗಳು ಬೇಕು. ಮಧ್ಯಾಹ್ನದ ಹೊತ್ತಿಗೆ ಚಿಟ್ಟೆಗಳು ಯಲಹಂಕದ ಕಡೆ ಹೊರಟುಹೋದವು. ಅವರು ನನ್ನನ್ನು ಬೈಯಲಿಲ್ಲ.

ಅದೇ ಮಳೆಗಾಲದಲ್ಲಿ ಮುನಿಯಮ್ಮ ತೀರಿಕೊಂಡರು. ಮುರಿದದ್ದನ್ನು ಮುಟ್ಟಬೇಡಿ ಎಂದು ಅವರು ಹೇಳಿಯೇ ಹೋಗಿದ್ದರೇ? ಇದ್ದಾಗ ಕೇಳುವ ಧೈರ್ಯ ಬರಲಿಲ್ಲ. ಆ ಚಿಟ್ಟೆಗಳಿಗೆ ಮುಂದೆ ಎಲ್ಲಾದರೂ ಬಾಡಿದ ಗಿಡ ಸಿಕ್ಕಿತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.