ಜರಡಿಗಿಟ್ಟ ವಿಭೂತಿ

ನನ್ನ ಅಕ್ಷರ ಚೆನ್ನಾಗಿಲ್ಲ, ಮಾತು ಜೋಡಿಸುವುದೂ ಬರುವುದಿಲ್ಲ, ಕ್ಷಮಿಸಿ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಸಿದ್ದರಾಜು ದೊಡ್ಡಪ್ಪನ ನಿವೃತ್ತಿಯ ನೆನಪಿನ ಪುಸ್ತಕಕ್ಕೆ ಬರೆದುಕೊಡು ಎಂದು ಭೌತಶಾಸ್ತ್ರ ಕಲಿಸುವ ಶಶಿರೇಖಾ ಮೇಡಂ ಹೇಳಿದರು. ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ದೊಡ್ಡಪ್ಪ ಬೆಸಗರಹಳ್ಳಿಯವರು. ಮಂಡ್ಯದ ಈ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಅಟೆಂಡರ್. ಬೆಳಗ್ಗೆ ಬಂದವರೇ ಚಪ್ಪಲಿ ಹೊರಗೆ ಬಿಟ್ಟು, ಗಾಳಿ ಎಳೆಯುವ ಪಂಪಿಗೆ ಕಿವಿ ಕೊಡುತ್ತಾರೆ. ಎಣ್ಣೆ ಕಮ್ಮಿಯಾದದ್ದು ಅವರಿಗೆ ಸದ್ದಿನಲ್ಲೇ ತಿಳಿಯುತ್ತದೆ. ಅಲ್ಲಿ ಗುಡಿಸಿ ಒರೆಸುವ ಕೆಲಸ ನನ್ನದು.

ಮೇಡಂ ಅವರ ಪ್ರಯೋಗವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಗಾಜಿನ ಪಾತ್ರೆಯ ಗಾಳಿ ತೆಗೆದು, ಸ್ವಲ್ಪ ಆರ್ಗಾನ್ ಅನಿಲ ಬಿಟ್ಟು ಕರೆಂಟು ಕೊಟ್ಟರೆ ನೇರಳೆ ಬೆಳಕು ಬರುತ್ತದೆ. ಅದು ಪ್ಲಾಸ್ಮಾ. ಮೇಲಿನ ಪುಟ್ಟ ಜರಡಿಯಿಂದ ಬಹಳ ಸಣ್ಣ ಪುಡಿ ಉದುರಿಸಿದರೆ ಅದು ತಳಕ್ಕೆ ಬೀಳದೆ ತೇಲುತ್ತದೆ. ಕಣಗಳಿಗೆ ವಿದ್ಯುತ್ತು ಅಂಟಿ, ಒಂದನ್ನೊಂದು ದೂರ ತಳ್ಳುತ್ತವೆ. ತಳ್ಳಾಡಿ ತಳ್ಳಾಡಿ ಕೊನೆಗೆ ಸಮದೂರದಲ್ಲಿ ನಿಲ್ಲುತ್ತವೆ, ಒಂದರ ಸುತ್ತ ಆರು. ಅದು ಹರಳು. ಅನಿಲ ಕಡಿಮೆ ಮಾಡಿದರೆ ಸಾಲು ಕದಡಿ ನೀರಿನಂತೆ ಹರಿದಾಡುತ್ತವೆ.

ಪಾತ್ರೆಯನ್ನು ಎರಡು ವರ್ಷ ಕೂತು ಜೋಡಿಸಿದ್ದು ದೊಡ್ಡಪ್ಪ. ನಿವೃತ್ತಿಯೊಳಗೆ ಹರಳನ್ನು ಒಮ್ಮೆ ನೋಡಬೇಕೆಂಬುದು ಅವರ ಆಸೆ.

ಆಯುಧಪೂಜೆಯ ದಿನ ಪಂಪಿಗೂ ಮೋಟಾರಿಗೂ ಮಾತ್ರ ವಿಭೂತಿ ಇಡಲು ದೊಡ್ಡಪ್ಪ ಹೇಳಿದ್ದರು. ಮುಖ್ಯವಾದದ್ದನ್ನು ಬಿಟ್ಟರೆ ತಪ್ಪಾದೀತೆಂದು ನಾನು ಪುಡಿ ತುಂಬಿಟ್ಟಿದ್ದ ಜರಡಿಗೂ ಮೂರು ಬೆರಳು ಎಳೆದೆ. ಹಬ್ಬ ಮುಗಿದ ಮೇಲೆ ಎಲ್ಲವನ್ನೂ ಒರೆಸಿಟ್ಟೆ.

ಪ್ರಯೋಗ ಶುರುವಾದಾಗ ಕ್ಯಾಮೆರಾದ ಪರದೆಯ ಮೇಲೆ ಪುಡಿಯ ಚುಕ್ಕೆಗಳು ಅಲೆದಾಡಿದವೇ ಹೊರತು ನಿಲ್ಲಲಿಲ್ಲ. ಎರಡು ದಿನ ಹೀಗೇ ಆಯಿತು. ಹಳೇ ಪಂಪು ಎಲ್ಲೋ ಸೋರುತ್ತಿರಬೇಕು, ಬೆಂಗಳೂರಿಗೆ ರಿಪೇರಿಗೆ ಕಳಿಸೋಣ ಎಂದರು ಮೇಡಂ. ಅದು ವಾಪಸು ಬರಲು ಒಂದು ತಿಂಗಳು ಬೇಕು. ದೊಡ್ಡಪ್ಪನಿಗೆ ಉಳಿದದ್ದು ಒಂಬತ್ತು ದಿನ. ಅವರು ಪಂಪಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದರು. ಆಗ ನನಗೆ ಜರಡಿ ನೆನಪಾಯಿತು. ಹೇಳಿದರೆ ಕೆಲಸ ಹೋದೀತೆಂದು ಭಯ. ಆದರೂ ಅವರು ಬೋಲ್ಟು ತಿರುಗಿಸುವುದನ್ನು ನೋಡುತ್ತ ನಿಲ್ಲಲಾಗಲಿಲ್ಲ.

"ದೊಡ್ಡಪ್ಪ, ಪಂಪು ಬಿಚ್ಬ್ಯಾಡಿ. ಜರಡಿಗೆ ನಾನು ಈಬೂತಿ ಇಟ್ಟಿದ್ದೆ."

ಅವರು ಸ್ಪ್ಯಾನರ್ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ನಕ್ಕರು. "ಬೀಜದ ಬತ್ತಕ್ಕೆ ಜೊಳ್ಳು ಬೆರ್ಸಿದೀಯ ಕಣವ್ವ. ಇನ್ನೆಲ್ಲಿ ಸಾಲು ನಿಂತಾತು?"

ಮೇಡಂ ಬೈಯಲಿಲ್ಲ. ಅವರ ಪುಡಿಯ ಕಣಗಳೆಲ್ಲ ಒಂದೇ ಗಾತ್ರವಂತೆ. ನಾನು ಒರೆಸುವಾಗ ಜರಡಿಯೊಳಗೆ ಉದುರಿದ ವಿಭೂತಿಯ ದಪ್ಪ ಕಣಗಳು ಕೆಳಗೆ ತೇಲುತ್ತ ಮೇಲಿನವನ್ನು ಕದಲಿಸುತ್ತವಂತೆ.

ಪಾತ್ರೆ ತೊಳೆದು, ಹೊಸ ಪುಡಿ ತುಂಬಿ, ಶುಕ್ರವಾರ ಮಧ್ಯಾಹ್ನ ಮತ್ತೆ ಕರೆಂಟು ಕೊಟ್ಟರು. ಲೇಸರ್ ಬೆಳಕಿನಲ್ಲಿ ಚುಕ್ಕೆಗಳು ನಡುಗಿ, ನಡುಗಿ, ನಿಂತವು.

"ನಾಟಿ ಆಕ್ದಂಗದೆ," ಎಂದರು ದೊಡ್ಡಪ್ಪ, ಕನ್ನಡಕ ಒರೆಸಿಕೊಳ್ಳುತ್ತ. ಅನಿಲ ಇಳಿಸಿ, ಏರಿಸಿ, ಹರಳು ಕರಗುವುದನ್ನೂ ಕಟ್ಟುವುದನ್ನೂ ಮೂರು ಸಲ ಮಾಡಿಸಿ ನೋಡಿದರು. ಹೊರಡುವಾಗ, "ಈಗ ಬೇಕಾದ್ರೆ ಇನ್ನೊಂದ್ಸಲ ಪಂಪಿಗಿಡು ಈಬೂತಿಯ," ಎಂದು ನನ್ನನ್ನು ಛೇಡಿಸಿದರು.

ಪಂಪಿನ ಸದ್ದು ಕೇಳುವುದನ್ನು ಈಗ ನನಗೆ ಕಲಿಸುತ್ತಿದ್ದಾರೆ. ನಾಳೆ ಎಂಟಕ್ಕೆ ಹೋಗಿ, ಅವರ ಎದುರೇ ಅದರ ಎಣ್ಣೆ ಬದಲಾಯಿಸುತ್ತೇನೆ.